ಯುಗಾದಿಗೊಮ್ಮೆ ಕಟ್ಟಿದ ಖಾತೆ

ಅಂಚೆ ಕಚೇರಿಯ ಉಳಿತಾಯ ಕೌಂಟರಿನಲ್ಲಿ ಕೂತವರಿಗೆ ಊರಿನವರ ಮುಖಕ್ಕಿಂತ ಮೊದಲು ಕೈಯ ಪರಿಚಯವಾಗುತ್ತದೆ. ನಮ್ಮ ಕಾಲದಲ್ಲಿ ಕೌಂಟರಿಗೆ ಕಬ್ಬಿಣದ ಜಾಲರಿ ಇರುತ್ತಿತ್ತು, ಅದರ ಕೆಳಗೆ ಒಂದು ಸಣ್ಣ ಕಿಂಡಿ. ಸೀಮೆಸುಣ್ಣ ಮೆತ್ತಿದ ಬೆರಳು ಬಂದರೆ ಮಾಸ್ತರು, ತೋಳಿಗೆ ಹತ್ತಿಯ ಎಳೆ ಅಂಟಿದ್ದರೆ ಅಡತಿ ಅಂಗಡಿಯವರು. ತಲೆ ಎತ್ತದೆಯೇ, ಏನ್ರಿ ಮಾಸ್ತರ, ಪಗಾರ ಆಯ್ತೇನು ಎಂದು ಕೇಳಿ ನಾನು ಎಷ್ಟೋ ಜನರನ್ನು ಬೆಚ್ಚಿಬೀಳಿಸಿದ್ದೇನೆ.

ಈಚೆಗೆ ಇಲಾಖೆಗೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, ಕೆಲಸ ಹೇಗಿತ್ತು ಹೇಳಿ ಎಂದು ಕೂತರು. ಹೇಳುತ್ತ ಹೋದರೆ ಸಂಜೆಯಾಗುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳಲ್ಲೇ ನನ್ನ ನೌಕರಿಯೆಲ್ಲ ಕಳೆಯಿತು. ಬಡ್ತಿ ಯಾವಾಗ ಬಂತು, ಬೀಳ್ಕೊಡುವಾಗ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಏನೂ ಆಗಬೇಕಾಗಿಲ್ಲ. ಮುಖ್ಯ ಸಂಗತಿ ನಡೆದ ಊರಿನ ಹೆಸರನ್ನೂ ನಾನು ಹೇಳುವುದಿಲ್ಲ. ಅಲ್ಲಿ ನಡೆದ ತಪ್ಪು ಊರಿನದಲ್ಲ, ಕಚೇರಿಯದೂ ಅಲ್ಲ, ನನ್ನದು.

ನಾನು ಸೇರಿದಾಗ ನಾರಾಯಣಪುರ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಇಳಿದು ಬರುತ್ತಿದ್ದ ಕಾಲ. ಅದಕ್ಕೂ ಮೊದಲು ನಮ್ಮ ಕಡೆಯ ಅಂಚೆ ಕಚೇರಿಯೆಂದರೆ ದುಡಿಯಲು ಮುಂಬೈಗೆ ಹೋದವರ ಮನಿಯಾರ್ಡರ್ ಹಂಚುವ ಜಾಗ. ನೀರು ಬಂದ ಮೇಲೆ ಕಾಲುವೆ ಕಚೇರಿಗಳು ಬಂದವು, ಪಗಾರದವರು ಬಂದರು, ಗುತ್ತಿಗೆದಾರರು ಬಂದರು, ಜೋಳದ ಹೊಲಗಳಲ್ಲಿ ಭತ್ತ ಎದ್ದಿತು. ಹಣ ಕಳಿಸಿಕೊಳ್ಳುವ ಜನ ಇದ್ದ ಕಡೆ ಹಣ ಇಡುವ ಜನ ಹುಟ್ಟಿದರು. ಆಗ ಎಲ್ಲ ಅಂಚೆ ಕಚೇರಿಗಳಲ್ಲೂ ಸಿಗದ ಒಂದು ಖಾತೆ ನಮ್ಮಲ್ಲಿತ್ತು. ಕಾಗದದ ಮೇಲೆ ಅದರ ಹೆಸರು ಪಿಪಿಎಫ್, ಊರವರ ಬಾಯಲ್ಲಿ ಹದಿನೈದು ವರ್ಷದ ಖಾತೆ.

ತೆರಿಗೆ ಕಟ್ಟುವವನಿಗೆ ಈ ಖಾತೆ ಯಾಕೆ ಬೇಕು ಎಂದು ಹೇಳುವುದು ಸುಲಭ. ಕಟ್ಟಿದ ವರ್ಷ ತೆರಿಗೆಯಲ್ಲಿ ರಿಯಾಯಿತಿ, ಮಧ್ಯೆ ಸೇರುತ್ತ ಹೋಗುವ ಬಡ್ಡಿಗೆ ತೆರಿಗೆಯಿಲ್ಲ, ಕೊನೆಗೆ ಕೈಗೆ ಬರುವ ಗಂಟಿಗೂ ಇಲ್ಲ. ಮಾಸ್ತರುಗಳಿಗೂ ಗುಮಾಸ್ತರಿಗೂ ಇಷ್ಟು ಹೇಳಿದರೆ ಸಾಕಿತ್ತು. ಆದರೆ ಹೊಲ ಮಾಡುವ ಒಕ್ಕಲಿಗರು ಬಂದು, ನಾ ತೆರಿಗೆನೇ ಕಟ್ಟಂಗಿಲ್ಲ, ತೆರಿಗೆ ಇಲ್ಲದ ಖಾತಿ ನನಗ್ಯಾಕ್ರಿ ಎಂದು ಕೇಳಿದರೆ ನಾನು ತಡವರಿಸುತ್ತಿದ್ದೆ. ಅದಕ್ಕೆ ಉತ್ತರ ಕಲಿಸಿದವರು ನನ್ನ ಮೊದಲ ಪೋಸ್ಟ್‌ಮಾಸ್ಟರ್ ನರಸಿಂಗರಾವ್ ಸಾಹೇಬರು.

ನರಸಿಂಗರಾವ್ ಸಾಹೇಬರು ಉರ್ದು ಶಾಲೆಯಲ್ಲಿ ಓದಿದವರು. ಲೆಕ್ಕಕ್ಕೆ ಹಿಸಾಬ್ ಎನ್ನುತ್ತಿದ್ದರು, ತಪ್ಪು ಲೆಕ್ಕಕ್ಕೆ ಏನೂ ಅನ್ನದೆ ಪೆನ್ಸಿಲನ್ನು ಮೇಜಿನ ಮೇಲೆ ಎರಡು ಸಲ ಕುಟ್ಟುತ್ತಿದ್ದರು. ಒಮ್ಮೆ ಕೋರ್ಟಿನ ಅಮೀನರು ಜಪ್ತಿ ಆದೇಶ ಹಿಡಿದುಕೊಂಡು ಕಚೇರಿಗೆ ಬಂದರು. ಊರಿನ ಗೊಬ್ಬರದ ಅಂಗಡಿಯವನ ಮೇಲೆ ಅವನ ಪಾಲುದಾರ ದಾವೆ ಗೆದ್ದಿದ್ದ. ಅಂಗಡಿಯವನ ಹದಿನೈದು ವರ್ಷದ ಖಾತೆಯ ಹಣ ಜಪ್ತಿ ಮಾಡಬೇಕೆಂದು ಆದೇಶ. ನಾನು ಕೋರ್ಟಿನ ಮೊಹರು ನೋಡಿಯೇ ಲೆಡ್ಜರ್ ತೆಗೆಯಲು ಎದ್ದೆ. ಸಾಹೇಬರು ಕೈಸನ್ನೆಯಿಂದ ನನ್ನನ್ನು ಕೂರಿಸಿ, ನಿಯಮದ ಪುಸ್ತಕ ತೆರೆದು, ಈ ಖಾತೆಯ ಹಣವನ್ನು ಕೋರ್ಟಿನ ಸಾಲದ ಆದೇಶ ಮುಟ್ಟುವಂತಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟು ಅಮೀನರಿಗೆ ತೋರಿಸಿದರು. ಆಮೇಲೆ ಅಟೆಂಡರನ್ನು ಕರೆದು ಚಹಾ ತರಿಸಿದರು. “ಕುಡೀರಿ ಅಮೀನಸಾಬ್. ಖಾಲಿ ಕೈಲೆ ಹೋಗೋರಿಗೆ ಚಾ ಆದ್ರೂ ಬೇಕಲ್ಲ” ಎಂದರು.

ಸುದ್ದಿ ಬಜಾರಿನಲ್ಲಿ ಹಬ್ಬಿತು. ತೆರಿಗೆಯ ಹೆಸರು ಕೇಳಿದರೆ ನಗುತ್ತಿದ್ದವರೆಲ್ಲ ಬಂದು ಖಾತೆ ತೆರೆದರು. ಆದಾಯ ತೆರಿಗೆಯವರಿಗೆ ಮಾತ್ರ ಈ ಬಾಗಿಲು ಮುಚ್ಚಿಲ್ಲ ಎಂದು ಸಾಹೇಬರು ಪ್ರತಿಯೊಬ್ಬರಿಗೂ ಹೇಳಿಯೇ ಅರ್ಜಿ ತೆಗೆದುಕೊಳ್ಳುತ್ತಿದ್ದರು. ಹೇಳಿದ ಮೇಲೆ ಒಬ್ಬಿಬ್ಬರು ಅರ್ಜಿ ವಾಪಸು ತೆಗೆದುಕೊಂಡು ಹೋದದ್ದೂ ಉಂಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ.

ಐದನೆಯ ತಾರೀಖಿನ ಗುಟ್ಟನ್ನೂ ಅವರೇ ಕಲಿಸಿದರು. ತಿಂಗಳ ಐದನೆಯ ತಾರೀಖಿನೊಳಗೆ ಹಣ ಬಿದ್ದರೆ ಆ ತಿಂಗಳ ಬಡ್ಡಿ ಉಂಟು, ಆರಕ್ಕೆ ಬಿದ್ದರೆ ಇಲ್ಲ. ಒಬ್ಬ ಹೆಡ್‌ಮಾಸ್ತರರು ಎರಡು ವರ್ಷ ಪ್ರತಿ ತಿಂಗಳೂ ಆರನೆಯ ತಾರೀಖೇ ಬರುತ್ತಿದ್ದರು. ನಿಮ್ಮ ಒಂದು ತಿಂಗಳ ಬಡ್ಡಿ ಪ್ರತಿ ಸಲ ಹೋಗುತ್ತಿದೆ ಎಂದು ನಾನು ಹೇಳಿದಾಗ, ಐದಕ್ಕೆ ಕಚೇರಿಯಲ್ಲಿ ಗದ್ದಲ ಇರತದಂತ ಆರಕ್ಕ ಬರತಿದ್ದೆ ಎಂದರು. ಗದ್ದಲ ಯಾಕಿತ್ತು ಎಂದು ಮಕ್ಕಳಿಗೆ ಪಾಠ ಹೇಳುವ ಮನುಷ್ಯ ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಅವರು ನಾಲ್ಕಕ್ಕೇ ಬರತೊಡಗಿದರು. ಇಂಥ ಸಣ್ಣ ಸಣ್ಣ ಗೆಲುವುಗಳಿಂದ ನನಗೆ ಬಹಳ ಬೇಗ ಸೊಕ್ಕು ಬಂತು. ಎಲ್ಲರಿಗೂ ಎಲ್ಲವನ್ನೂ ಸರಿಯಾಗಿ ಹೇಳುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ತಾಯಮ್ಮ ನನ್ನ ಕಿಂಡಿಗೆ ಬಂದದ್ದು ಆ ಸೊಕ್ಕಿನ ದಿನಗಳಲ್ಲೇ.

ತಾಯಮ್ಮ ಕೆಂಭಾವಿ ಕಡೆಯವಳು. ಕಾಲುವೆ ಕೆಲಸ ಶುರುವಾದಾಗ ಊರಿಗೆ ಬಂದು, ಕಾಲುವೆ ಕಚೇರಿಯ ಎದುರಿಗೆ ಎರಡು ಕೋಣೆಯ ಕಲ್ಲಿನ ಮನೆ ಬಾಡಿಗೆ ಹಿಡಿದು ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಕಾಲುವೆಯವರು ವರ್ಷವಿಡೀ ಉದ್ರಿ ಉಂಡು, ಮಾರ್ಚಿನಲ್ಲಿ ಬಿಲ್ಲುಗಳು ಪಾಸಾದಾಗ ಬಾಕಿ ತೀರಿಸುತ್ತಿದ್ದರು. ಹಾಗಾಗಿ ಅವಳ ಕೈಗೆ ಹಣ ಒಟ್ಟಿಗೇ ಬರುತ್ತಿದ್ದುದು ಯುಗಾದಿಯ ಸುಮಾರಿಗೆ. ಅಲ್ಲಿ ಉಣ್ಣುತ್ತಿದ್ದ ಒಬ್ಬ ಓವರ್‌ಸಿಯರ್ ಈ ಖಾತೆಯ ವಿಷಯ ಅವಳ ತಲೆಯಲ್ಲಿ ಹಾಕಿದ್ದರು. ಒಂದು ವರ್ಷ ಏಪ್ರಿಲಿನಲ್ಲಿ, ಹಬ್ಬದ ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಸೆರಗಿನ ಗಂಟು ಬಿಚ್ಚುತ್ತ ಕಿಂಡಿಯ ಮುಂದೆ ನಿಂತಳು. ಬೆರಳುಗಳ ತುದಿ ರೊಟ್ಟಿ ಬಡಿದು ಬಡಿದು ಚಪ್ಪಟೆಯಾಗಿದ್ದವು.

ಅವಳ ಹಿಂದೆ ಸಾಲು ಉದ್ದವಿತ್ತು. ನಾನು ಅರ್ಜಿ ತುಂಬಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಪಾಸ್‌ಬುಕ್ ಕೈಗಿಟ್ಟು ಹೇಳಿದೆ: “ವರ್ಷಕ್ಕೊಮ್ಮೆ ತಪ್ಪಲಾರದಂಗ ಕಟ್ರಿ ತಾಯಮ್ಮ. ಹದಿನೈದು ವರ್ಷ ಆದಮ್ಯಾಲ ಬಡ್ಡಿ ಸಮೇತ ಬಂದು ತಗೋರಿ.” ಅವಳು ಎರಡೂ ಮಾತುಗಳನ್ನು ಬಾಯಿಪಾಠ ಮಾಡುವವಳಂತೆ ಒಮ್ಮೆ ತುಟಿಯಲ್ಲಿ ಆಡಿಕೊಂಡಳು, ಹೌದ್ರಿ ಬಾಯಾರ ಎಂದಳು, ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಹೋಗಿ ಎಲ್ಲಿ ಬಿತ್ತು ಎಂದು ತಿಳಿಯಲು ನನಗೆ ಹದಿನೈದು ವರ್ಷ ಹಿಡಿಯಿತು.

ಎರಡು ವರ್ಷಕ್ಕೆ ನನಗೆ ಯಾದಗಿರಿಗೆ ವರ್ಗವಾಯಿತು, ಆಮೇಲೆ ಶಹಾಪುರಕ್ಕೆ. ಅಷ್ಟು ವರ್ಷವೂ ಬೇರೆ ಬೇರೆ ಕೈಗಳು ತಾಯಮ್ಮನ ಹಣ ತೆಗೆದುಕೊಂಡು ಮೊಹರು ಒತ್ತಿದವು. ಮತ್ತೆ ಅದೇ ಕಚೇರಿಗೆ ಪೋಸ್ಟ್‌ಮಾಸ್ಟರ್ ಆಗಿ ಬಂದಾಗ ತಾಯಮ್ಮನ ಕೂದಲು ಬೆಳ್ಳಗಾಗಿತ್ತು, ಖಾನಾವಳಿ ಅಲ್ಲೇ ಇತ್ತು. ಅವಳ ಪಾಸ್‌ಬುಕ್ ದೇವರ ಜಗಲಿಯ ಮೇಲಿರುತ್ತಿತ್ತು. ಪ್ರತಿ ಶುಕ್ರವಾರ ಅದಕ್ಕೂ ಅರಿಶಿನ ಕುಂಕುಮ ಏರುತ್ತಿದ್ದುದರಿಂದ ಒಳಗಿನ ಅಂಕಿಗಳನ್ನು ಓದುವುದೇ ಕಷ್ಟವಾಗಿತ್ತು.

ಹದಿನೈದನೆಯ ಯುಗಾದಿ ಕಳೆದು ಮರುದಿನ ಅವಳು ಬಂದಳು. ಈ ಸಲ ಕಟ್ಟಲು ಅಲ್ಲ, ತೆಗೆದುಕೊಳ್ಳಲು. ಖಾನಾವಳಿಯ ಮನೆಯ ಯಜಮಾನ ಈರಣ್ಣ ಸಾಹುಕಾರರು, ಬಜಾರಿನಲ್ಲಿ ಕಿರಾಣಿ ವ್ಯಾಪಾರದವರು, ಆ ಮನೆ ಮಾರಲು ಕೂತಿದ್ದರು. ತಾಯಮ್ಮ ಸಂಚಕಾರವೆಂದು ಮುಂಗಡ ಹಣ ಕೊಟ್ಟು ಮಾತು ಮುಗಿಸಿದ್ದಳು. ಎರಡು ತಿಂಗಳೊಳಗೆ ಪೂರ್ತಿ ಹಣ ಕೊಡಬೇಕು. ಕೊಡದಿದ್ದರೆ ಸಂಚಕಾರ ಮುಳುಗಿತು, ಮನೆ ಖಾಲಿ ಮಾಡಬೇಕು. ಬೀಜದ ವ್ಯಾಪಾರಿಯೊಬ್ಬ ಆಗಲೇ ಹಣ ಹಿಡಿದುಕೊಂಡು ಕಾಯುತ್ತಿದ್ದ. ಕಾಲುವೆ ಕಚೇರಿಯ ಎದುರಿನ ಆ ಜಾಗ ಹೋದರೆ ಖಾನಾವಳಿಯೂ ಹೋದಂತೆ. “ಮನಿ ತಗೊಳ್ಳಾಕತ್ತೇನಿ ಬಾಯಾರ. ನೀವು ಹೇಳಿದಂಗ ಹದಿನೈದು ಆಗ್ಯಾವ” ಎಂದು ನಗುತ್ತ ಪಾಸ್‌ಬುಕ್ ಒಳಗೆ ತಳ್ಳಿದಳು.

ನಾನು ಲೆಡ್ಜರ್ ತೆರೆದೆ. ಐದು ವರ್ಷಗಳ ಜಾಗ ಖಾಲಿ ಇತ್ತು. ವರ್ಷಕ್ಕೆ ಇಷ್ಟಾದರೂ ಕಟ್ಟಲೇಬೇಕು ಎಂಬ ನಿಯಮವಿದೆ. ಒಂದು ವರ್ಷ ತಪ್ಪಿದರೂ ಖಾತೆ ನಿಂತುಹೋಗುತ್ತದೆ. ಆಮೇಲೂ ಹಣ ತೆಗೆದುಕೊಂಡು ಮೊಹರು ಒತ್ತಿದವರು ಯಾರೂ ಅದನ್ನು ಗಮನಿಸಿರಲಿಲ್ಲ. ನಿಂತ ಖಾತೆಗೆ ಬಡ್ಡಿ ಸೇರುತ್ತದೆ, ಆದರೆ ಮಧ್ಯೆ ಅದರಿಂದ ಒಂದು ರೂಪಾಯಿ ತೆಗೆಯಲಾಗದು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಹದಿನೈದು ವರ್ಷವನ್ನು ಎಣಿಸುವುದು ಖಾತೆ ತೆರೆದ ದಿನದಿಂದಲ್ಲ, ತೆರೆದ ಆ ಹಣಕಾಸು ವರ್ಷ ಮುಗಿದ ಮಾರ್ಚಿನಿಂದ. ಏಪ್ರಿಲಿನಲ್ಲಿ ತೆರೆದವರಿಗೆ ಅದು ಹೆಚ್ಚುಕಡಿಮೆ ಹದಿನಾರು ವರ್ಷ. ತಾಯಮ್ಮನ ಹಣ ಮಾಗುವುದು ಮುಂದಿನ ವರ್ಷದ ಏಪ್ರಿಲ್ ಒಂದಕ್ಕೆ. ನನಗೆ ಮುಖ ಎತ್ತಿ ನೋಡಲಾಗಲಿಲ್ಲ. ನಾಳೆ ಬರ್ರಿ ತಾಯಮ್ಮ, ಲೆಕ್ಕ ತೆಗೆದಿಡತೇನಿ ಎಂದು ಕಳಿಸಿಬಿಟ್ಟೆ. ಅದೂ ಒಂದು ಹೇಡಿತನವೇ.

ಅವಳು ಐದು ವರ್ಷ ಕಟ್ಟಲು ಮರೆತಳು ಎಂದು ನಂಬಲು ನನಗೆ ಮನಸ್ಸಾಗಲಿಲ್ಲ. ಎಣಿಸಿ ನೋಡಿದರೆ ಜಮೆಗಳು ಸರಿಯಾಗಿ ಹದಿನೈದು ಇದ್ದವು. ಐದು ವರ್ಷ ಖಾಲಿ, ಇನ್ನು ಐದು ವರ್ಷಗಳಲ್ಲಿ ಎರಡೆರಡು. ಆ ವರ್ಷಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಹೋದೆ. ಊಟಕ್ಕೆ ಕೂತಾಗ ಅತ್ತೆಯವರ ಮುಂದೆ ಓದಿದೆ. ಅವರು ಅಂಕಿ ಕೇಳುತ್ತಿದ್ದಂತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಇವು ಅಧಿಕ ಮಾಸ ಬಂದ ವರ್ಷ ಅಲ್ಲೇನು?” ಎಂದರು.

ಅತ್ತೆಯವರಿಗೆ ಮೂವರು ಅಳಿಯಂದಿರು. ಅಧಿಕ ಮಾಸ ಬಂದರೆ ಅಳಿಯಂದಿರಿಗೆ ಮೂವತ್ತಮೂರು ಅನಾರಸದ ಕಜ್ಜಾಯ ಇಟ್ಟು ಬಾಗಿನ ಕೊಡುವುದು ನಮ್ಮ ಮನೆಯ ಪದ್ಧತಿ. ಯಾವ ಅಧಿಕ ಮಾಸದಲ್ಲಿ ಯಾವ ಅಳಿಯ ಮುನಿಸಿಕೊಂಡು ಉಣ್ಣದೆ ಎದ್ದ ಎಂಬುದು ಅವರಿಗೆ ಪಂಚಾಂಗಕ್ಕಿಂತ ಚೆನ್ನಾಗಿ ನೆನಪಿತ್ತು. ಒಂದೊಂದನ್ನೇ ತಾಳೆ ಹಾಕಿದೆವು. ಐದಕ್ಕೆ ಐದೂ ಕೂಡಿಬಂದವು.

ಆಗ ನನಗೆ ಎಲ್ಲ ತಿಳಿಯಿತು. ತಾಯಮ್ಮನ ವರ್ಷ ಯುಗಾದಿಯಿಂದ ಯುಗಾದಿಗೆ, ಸರ್ಕಾರದ ವರ್ಷ ಏಪ್ರಿಲಿನಿಂದ ಮಾರ್ಚಿಗೆ. ಯುಗಾದಿ ಕೆಲವು ವರ್ಷ ಮಾರ್ಚಿನಲ್ಲಿ ಬರುತ್ತದೆ, ಕೆಲವು ವರ್ಷ ಏಪ್ರಿಲಿನಲ್ಲಿ. ಅಧಿಕ ಮಾಸ ನಡುವೆ ಬಂದರೆ ಮಾರ್ಚಿನ ಹಬ್ಬ ಮುಂದಿನ ಸಲ ಏಪ್ರಿಲಿಗೆ ಜರುಗುತ್ತದೆ. ಆಗ ಸರ್ಕಾರದ ಒಂದಿಡೀ ವರ್ಷದೊಳಗೆ ಯುಗಾದಿಯೇ ಇರುವುದಿಲ್ಲ. ಬೇರೆ ವರ್ಷ ಏಪ್ರಿಲಿನ ಹಬ್ಬವೂ ಮಾರ್ಚಿನ ಹಬ್ಬವೂ ಒಂದೇ ವರ್ಷಕ್ಕೆ ಬಿದ್ದು ಎರಡೆರಡು ಜಮೆಯಾಗುತ್ತದೆ. ತಾಯಮ್ಮ ಒಂದು ಯುಗಾದಿಯನ್ನೂ ತಪ್ಪಿಸಿರಲಿಲ್ಲ. ಯಾವ ವರ್ಷ ಎಂದು ಅವಳಿಗೆ ಹೇಳದೆ ಬಿಟ್ಟವಳು ನಾನು.

ಮರುದಿನ ಬೆಳಿಗ್ಗೆ ಮೇಲಿನ ಸಾಹೇಬರಿಗೆ ಫೋನ್ ಮಾಡಿದೆ. ಅವರು ನಿಯಮ ಬಲ್ಲವರು. ತಪ್ಪಿದ ವರ್ಷಗಳ ಕನಿಷ್ಠ ಹಣ, ವರ್ಷಕ್ಕೊಂದರಂತೆ ದಂಡ ಕಟ್ಟಿಸಿಕೊಂಡರೆ ಖಾತೆ ಮತ್ತೆ ಜೀವ ಹಿಡಿಯುತ್ತದೆ, ಆಮೇಲೆ ನಿಯಮದ ಪ್ರಕಾರ ಒಂದಿಷ್ಟು ಭಾಗ ಈಗಲೇ ತೆಗೆಯಬಹುದು ಎಂದರು. ನನಗೂ ಅದು ಹೊಳೆದಿತ್ತು. ಫೋನ್ ಇಡುವ ಮೊದಲು ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. “ಆದ್ರ ತಪ್ಪು ನಂದು ಅಂತ ಆಕಿ ಮುಂದ ಅನಬ್ಯಾಡ್ರಿ. ಕಾಯ್ದೆ ಹಿಂಗದ ಅನ್ರಿ, ಮುಗೀತು.” ಅವರು ಕೆಟ್ಟವರಲ್ಲ. ಇಲಾಖೆಯಲ್ಲಿ ಅಷ್ಟು ವರ್ಷ ತಲೆ ಉಳಿಸಿಕೊಂಡದ್ದೇ ಆ ಒಂದು ಮಾತಿನಿಂದ.

ತಾಯಮ್ಮ ಬಂದಾಗ ಕಿಂಡಿಯ ಬಳಿ ನಿಲ್ಲಿಸದೆ ಒಳಗೆ ಕರೆದು ನನ್ನ ಮೇಜಿನ ಎದುರು ಕುರ್ಚಿಯಲ್ಲಿ ಕೂರಿಸಿದೆ. ಖಾಲಿ ವರ್ಷಗಳನ್ನು ತೋರಿಸಿದೆ. ಹಣ ಪೂರ್ತಿ ಬರುವುದು ಮುಂದಿನ ಏಪ್ರಿಲಿಗೆ ಎಂದೆ. ಈಗ ಒಂದಿಷ್ಟು ತೆಗೆಯಬೇಕಾದರೂ ಮೊದಲು ದಂಡ ಕಟ್ಟಬೇಕು ಎಂದೆ. ಅವಳ ನಗು ಮೆಲ್ಲಗೆ ಹೋಯಿತು.

“ಕಟ್ಟಿದ ರೊಕ್ಕಕ್ಕ ದಂಡ ಯಾಕ್ರಿ ಬಾಯಾರ? ನಾ ಯಾವ ಯುಗಾದಿ ತಪ್ಪಿಸೇನಿ ಹೇಳ್ರಿ?”

ಕಾಯ್ದೆ ಹಿಂಗದ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಆ ಚಪ್ಪಟೆ ಬೆರಳುಗಳು ಪಾಸ್‌ಬುಕ್ಕಿನ ಕುಂಕುಮವನ್ನು ಸವರುತ್ತಿದ್ದವು. ನನ್ನಿಂದ ಆಗಲಿಲ್ಲ.

“ನೀವು ತಪ್ಪಿಸಿಲ್ಲ ತಾಯಮ್ಮ. ತಪ್ಪು ನಂದು. ಅವತ್ತ ನಾ ನಿಮಗ ಪೂರಾ ಹೇಳಲಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಪಾಸ್‌ಬುಕ್ ತೆಗೆದುಕೊಂಡು ಎದ್ದು ಹೊರಗೆ ಹೋಗಿಬಿಟ್ಟಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದುಕೊಂಡು ನಾನು ಲೆಡ್ಜರ್ ಮುಚ್ಚಿದೆ. ಅವಳು ಈ ಖಾತೆಯನ್ನು, ಈ ಕಚೇರಿಯನ್ನು ಇನ್ನು ತಿರುಗಿ ನೋಡುವುದಿಲ್ಲ, ಮನೆಯೂ ಹೋಯಿತು ಎಂದೇ ಅಂದುಕೊಂಡಿದ್ದೆ. ಅರ್ಧ ಗಂಟೆಗೆ ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತು, ದಂಡ ಎಷ್ಟು ಹೇಳ್ರಿ ಎಂದಳು. ದಂಡವನ್ನು ನಾನೇ ಕಟ್ಟುತ್ತೇನೆ ಎಂದೆ. ನನ್ನ ಖಾತಿಗಿ ನಿಮ್ಮ ರೊಕ್ಕ ಯಾಕ ಎಂದು ಸೆರಗಿನ ಗಂಟು ಬಿಚ್ಚಿದಳು.

ಖಾತೆ ಜೀವ ಹಿಡಿಯಿತು. ನಾಲ್ಕು ವರ್ಷದ ಹಿಂದೆ ಎಷ್ಟು ಹಣವಿತ್ತೋ ಅದರ ಅರ್ಧ ತೆಗೆಯಲು ಅವಕಾಶ. ಅದು ಮನೆಯ ಬೆಲೆಯ ಮೂರನೆಯ ಒಂದು ಪಾಲೂ ಆಗಲಿಲ್ಲ. ಉಳಿದದ್ದಕ್ಕೆ ಈರಣ್ಣ ಸಾಹುಕಾರರು ಒಂದು ವರ್ಷ ಕಾಯಬೇಕು. ಭಾನುವಾರ ನಾನೇ ತಾಯಮ್ಮನ ಜೊತೆ ಅವರ ಅಂಗಡಿಗೆ ಹೋದೆ.

ಸಾಹುಕಾರರು ಗಾದಿಯ ಮೇಲೆ ಕೂತು ಎಲ್ಲ ಕೇಳಿದರು. ಮುಂದಿನ ಏಪ್ರಿಲಿಗೆ ಇಷ್ಟು ಹಣ ಕೊಡುತ್ತೇವೆ ಎಂದು ಕಚೇರಿಯ ಕಾಗದ ಕೊಟ್ಟರೆ ಕಾಯುತ್ತೇನೆ ಎಂದರು. ಅಂಥ ಕಾಗದ ನಾನು ಕೊಡುವಂತಿಲ್ಲ, ಈ ಖಾತೆಯನ್ನು ಯಾರ ಬಳಿಯೂ ಒತ್ತೆ ಇಡುವಂತಿಲ್ಲ ಎಂದೆ. ಹಾಗಾದರೆ ನಾನೇನು ನಿಮ್ಮ ಮುಖ ನೋಡಿ ಕಾಯಬೇಕೇನು ಎಂದು ಅವರು ನಕ್ಕು, ನಿಮ್ಮ ಖಾತೆ ನನಗೂ ಗೊತ್ತು ಎಂದು ತಿಜೋರಿಯಿಂದ ತಮ್ಮದೇ ಪಾಸ್‌ಬುಕ್ ತೆಗೆದು ತೋರಿಸಿದರು. ಪ್ರತಿ ದೀಪಾವಳಿ ಪಾಡ್ಯಕ್ಕೆ ಕಟ್ಟುತ್ತ ಬಂದಿದ್ದರು. ವ್ಯಾಪಾರಿಯ ಹಬ್ಬ ಮಾರ್ಚಿನಿಂದ ದೂರ ಇರುವುದರಿಂದ ಒಂದು ವರ್ಷವೂ ಖಾಲಿ ಇರಲಿಲ್ಲ. ಆದರೆ ಅವರ ಖಾತೆ ಆ ಏಪ್ರಿಲಿನ ಮೊದಲ ದಿನವೇ ಮಾಗಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಈ ದೀಪಾವಳಿಗೂ ಕಟ್ಟುತ್ತೇನೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ತಾಯಮ್ಮನ ಮಾತು ಬಿಟ್ಟು ನಾನು ಅವರ ಪಾಸ್‌ಬುಕ್ಕಿನ ವಿಷಯ ಹೇಳತೊಡಗಿದೆ. ಮಾಗಿದ ಮೇಲೆ ಮೂರು ದಾರಿ. ಪೂರ್ತಿ ಹಣ ತೆಗೆದು ಖಾತೆ ಮುಚ್ಚಬಹುದು. ಏನೂ ಕಟ್ಟದೆ ಹಾಗೇ ಬಿಟ್ಟರೆ ತೆರಿಗೆಯಿಲ್ಲದ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆ ಬೇಕಾದಷ್ಟು ತೆಗೆಯಬಹುದು. ಕಟ್ಟುತ್ತಲೇ ಇರಬೇಕೆಂದರೆ ಮಾಗಿದ ಒಂದು ವರ್ಷದೊಳಗೆ ಅರ್ಜಿ ಕೊಟ್ಟು ಐದು ವರ್ಷಕ್ಕೆ ಮುಂದುವರಿಸಬೇಕು. ಅರ್ಜಿ ಕೊಡದೆ ಸುಮ್ಮನೆ ಕಟ್ಟುತ್ತ ಹೋದರೆ ಹಾಗೆ ಕಟ್ಟಿದ ಹಣಕ್ಕೆ ಒಂದು ಪೈಸೆ ಬಡ್ಡಿ ಇಲ್ಲ. ಸಾಹುಕಾರರು ಕೊನೆಯ ಮಾತನ್ನು ಎರಡು ಸಲ ಹೇಳಿಸಿದರು. ಆಮೇಲೆ ಕೇಳಿದರು: “ಇದನ್ನ ನನಗ ನೀವಾಗೇ ಯಾಕ ಹೇಳಾಕತ್ತೀರಿ?”

“ಒಮ್ಮೆ ಪೂರಾ ಹೇಳಲಿಲ್ಲ ನಾನು. ಅದಕ್ಕೇ ಇವತ್ತ ಈಕಿ ನಿಮ್ಮ ಅಂಗಡ್ಯಾಗ ಕುಂತಾಳ.”

ಅವರು ತಕ್ಕಡಿಯ ಸರಪಳಿಯನ್ನು ಒಮ್ಮೆ ಎಳೆದು ಬಿಟ್ಟರು. ಕೊನೆಗೆ ಒಪ್ಪಿದರು. ದಾನಕ್ಕೆ ಒಪ್ಪಿದ್ದಲ್ಲ, ವ್ಯಾಪಾರಿ ವ್ಯಾಪಾರಿಯೇ. ಈಗ ಬಂದ ಹಣ ಕೊಡಬೇಕು, ಬಾಡಿಗೆ ನಡೆಯುತ್ತಿರಬೇಕು, ಏಪ್ರಿಲ್ ಹತ್ತರೊಳಗೆ ಉಳಿದದ್ದು ಬರದಿದ್ದರೆ ಸಂಚಕಾರ ಹೋಯಿತು. ಛಾಪಾ ಕಾಗದದ ಮೇಲೆ ಬರೆಸಿಕೊಂಡರು.

ಆ ವರ್ಷ ನಾನು ಎರಡು ಕೆಲಸ ಮಾಡಿದೆ. ತಾಯಮ್ಮನ ಬಡ್ಡಿಯನ್ನು ತಿಂಗಳು ತಿಂಗಳು ಕೈಯಿಂದಲೇ ಲೆಕ್ಕ ಹಾಕಿ, ಏಪ್ರಿಲಿಗೆ ಸಾಲುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಸ್ವಲ್ಪ ಕಡಿಮೆ ಬೀಳುವಂತಿತ್ತು. ಅವಳಿಗೆ ಹೇಳಿದಾಗ, ಕಟ್ಟಬೇಕಾದ ಆ ವರ್ಷದ ಹಣವನ್ನು ಮುಂದಿನ ಯುಗಾದಿಗೆ ಕಾಯದೆ, ಐದನೆಯ ತಾರೀಖಿನೊಳಗೆ ತಿಂಗಳಿಗಿಷ್ಟು ಎಂದು ಕಟ್ಟತೊಡಗಿದಳು. ಎರಡನೆಯದು, ಕಚೇರಿಯ ಲೆಡ್ಜರುಗಳನ್ನೆಲ್ಲ ತೆಗೆದು ಯುಗಾದಿಯ ಲೆಕ್ಕದಲ್ಲಿ ನಿಂತುಹೋದ ಬೇರೆ ಖಾತೆಗಳನ್ನು ಹುಡುಕಿದೆ. ಹನ್ನೊಂದು ಸಿಕ್ಕವು. ಹನ್ನೊಂದು ಮನೆಗೂ ನನ್ನ ಕೈಯಿಂದಲೇ ಕಾರ್ಡು ಬರೆದೆ. ಕೆಲವರು ಬಂದು ಬೈದರು, ಬೈದು ದಂಡ ಕಟ್ಟಿ ಹೋದರು. ಅಂದಿನಿಂದ ನಿವೃತ್ತಿಯವರೆಗೂ ನಾನು ತೆರೆದ ಪ್ರತಿ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿ ಇರುತ್ತಿದ್ದವು: ಪ್ರತಿ ವರ್ಷ ಮಾರ್ಚ್ ಮುಗಿಯುವುದರೊಳಗೆ ಕಟ್ಟಿ, ಈ ಹಣ ಮಾಗುವುದು ಇಂಥ ವರ್ಷದ ಏಪ್ರಿಲ್ ಒಂದಕ್ಕೆ. ಈಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಆ ತಾರೀಖು ಬರುತ್ತದೆ ನಿಜ. ಎದುರಿಗೆ ನಿಂತವರಿಗೆ ಅದನ್ನು ಓದಿ ಹೇಳಬೇಕಾದವರು ನೀವೇ.

ಏಪ್ರಿಲ್ ಒಂದರಂದು ತಾಯಮ್ಮ ಎಲ್ಲರಿಗಿಂತ ಮೊದಲು ಬಂದಳು. ಮುಚ್ಚುವ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಖಾತೆ ಮುಚ್ಚುವಾಗ ಪಾಸ್‌ಬುಕ್ ಒಪ್ಪಿಸಬೇಕು. ಅದನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ಕೊಟ್ಟಳು. ಹಣ ಸಾಕಾಗಿ, ಮೇಲೆ ರಿಜಿಸ್ಟ್ರಿ ಖರ್ಚಿಗಾಗುವಷ್ಟು ಉಳಿಯಿತು. ಚೆಕ್ಕನ್ನು ಮಡಿಚಲು ಹೋದಾಗ ನಾನು ತಡೆದು ಲಕೋಟೆ ಕೊಟ್ಟೆ.

ಎಂಟು ದಿನದ ಮೇಲೆ ರಿಜಿಸ್ಟ್ರಿ ಮುಗಿಸಿಕೊಂಡು, ಖರೀದಿ ಪತ್ರ ಹಿಡಿದು ಮತ್ತೆ ಬಂದಳು. ಓದ್ರಿ ಬಾಯಾರ ಎಂದಳು. ಅದೇ ಕುರ್ಚಿಯಲ್ಲಿ ಕೂರಿಸಿ ಮೊದಲಿನಿಂದ ಓದಿದೆ. ಚಕ್ಕುಬಂದಿ ಬಂದಾಗ ನಿಧಾನವಾಗಿ ಓದಲು ಹೇಳಿದಳು. ಪೂರ್ವಕ್ಕೆ ಕಾಲುವೆ ಕಚೇರಿಯ ರಸ್ತೆ, ಪಶ್ಚಿಮಕ್ಕೆ ಈರಣ್ಣನವರ ಖುಲ್ಲಾ ಜಾಗ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಹಿಟ್ಟಿನ ಗಿರಣಿ. ಪ್ರತಿ ದಿಕ್ಕಿಗೂ ಅವಳು ತಲೆಯಾಡಿಸಿದಳು.

ಒಂದು ವರ್ಷದಿಂದ ನನ್ನ ಮನಸ್ಸಿನಲ್ಲಿದ್ದುದನ್ನು ಆಗ ಕೇಳಿದೆ. ಅವತ್ತು ಎದ್ದು ಹೋದವರು ಅರ್ಧ ಗಂಟೆಗೆ ದಂಡದ ಹಣ ಹಿಡಿದು ಯಾಕೆ ಬಂದಿರಿ, ನನ್ನ ಮಾತನ್ನು ಎರಡನೆಯ ಸಲ ಹೇಗೆ ನಂಬಿದಿರಿ ಎಂದು.

ತಾಯಮ್ಮ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಕಾಲುವಿ ಬಂತು, ಕಚೇರಿ ಬಂದ್ವು, ಎಷ್ಟು ಸಾಹೇಬರಿಗೆ ರೊಟ್ಟಿ ಹಾಕೇನಿ. ಕುರ್ಚಿಮ್ಯಾಲ ಕುಂತವರು ನನ್ನಂಥಾಕಿ ಮುಂದ ತಪ್ಪು ನಂದು ಅಂದಿದ್ದು ಅವತ್ತ ಒಂದೇ ಸಲ ಕೇಳೇನಿ ಬಾಯಾರ. ಅಂಥವರ ಕಡೆ ರೊಕ್ಕ ಇನ್ನೊಂದು ವರ್ಷ ಇರಲಿ ಅಂತ ತಿರುಗಿ ಬಂದೆ.”

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ನನ್ನ ಬಗ್ಗೆ ಅಷ್ಟು ಹೆಮ್ಮೆ ಬೇರೆ ಯಾವ ದಿನವೂ ಆಗಿಲ್ಲ. ಮಧ್ಯಾಹ್ನದ ಊಟದ ಹೊತ್ತಾಯಿತು, ಕಾಲುವೆಯವರು ಬಂದು ಕೂತಿರುತ್ತಾರೆ ಎಂದು ಅವಳು ಎದ್ದಳು. ಪತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ರಸ್ತೆ ದಾಟಿ, ತನ್ನ ಮನೆಗೆ ಹೋದಳು.